ತೆರೆದ ಬೀದಿ

ಊರಿನ ಮುಖ್ಯ ರಸ್ತೆಯನ್ನು ಗೊತ್ತಾದ ದಿನ, ಗೊತ್ತಾದ ಹೊತ್ತು ಮೋಟಾರು ವಾಹನಗಳಿಗೆ ಮುಚ್ಚಿ, ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಆಡುವ ಮಕ್ಕಳಿಗೂ ಬಿಟ್ಟುಕೊಡುವ ಏರ್ಪಾಟಿಗೆ ತೆರೆದ ಬೀದಿ ಎನ್ನುತ್ತಾರೆ. ಕಾರಿನೊಳಗೆ ಕೂತವರಿಗೆ ಅಂದು ರಸ್ತೆ ಬಂದ್. ಫುಟ್‌ಪಾತಿನ ಅಂಚಿನಲ್ಲಿ ನಿಂತವರಿಗೆ ಅದೇ ರಸ್ತೆ ತೆರೆದದ್ದು. ಹೆಸರು ಬಂದಿರುವುದು ಈ ಎರಡನೆಯವರ ಕಡೆಯಿಂದ. ಸೈಕಲ್ ದಿನ, ಕಾರಿಲ್ಲದ ದಿನ, ಶಾಲೆಗೆ ನಡೆದುಹೋಗುವ ದಿನ, ಬಡಾವಣೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡುವ ತಿರುಗಾಟ, ಸೈಕಲ್ ಜಾಥಾ, ಇವೆಲ್ಲ ಇದರ ಬಳಗ. ಒಂದೆರಡು ಕಿಲೋಮೀಟರ್ ದೂರದ ಕೆಲಸಕ್ಕೆ ಗಾಡಿ ತೆಗೆಯದೆಯೂ ಹೋಗಿಬರಬಹುದು ಎಂಬುದನ್ನು ಭಾಷಣದಲ್ಲಿ ಹೇಳುವ ಬದಲು ಮಾಡಿ ತೋರಿಸುವುದು ಇವುಗಳ ಉದ್ದೇಶ.

ಇದು ಪಂದ್ಯವಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಓಟಗಾರರಿಗೆ ಹೆಸರಾದವು. ಆ ಓಟಗಾರರ ಸ್ಪರ್ಧೆ ಬೇರೆ, ಇದು ಬೇರೆ. ಮ್ಯಾರಥಾನ್ ಓಟಕ್ಕೂ ರಸ್ತೆ ಮುಚ್ಚುತ್ತಾರೆ, ಆದರೆ ಎದೆಗೆ ನಂಬರು ಅಂಟಿಸಿಕೊಂಡವರಿಗೆ ಮಾತ್ರ ಅಲ್ಲಿ ಜಾಗ, ಉಳಿದವರು ಹಗ್ಗದಾಚೆ ನಿಂತು ಚಪ್ಪಾಳೆ ತಟ್ಟಬೇಕು. ತೆರೆದ ಬೀದಿಗೆ ಹೆಸರು ಬರೆಸಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ. ಯಾವ ಅಡ್ಡರಸ್ತೆಯಿಂದ ಬೇಕಾದರೂ ಬಂದು ಸೇರಿ, ಸಾಕೆನಿಸಿದಾಗ ಮನೆಗೆ ಹೋಗಬಹುದು.

ಜನರಿಗಾಗಿ ಬೀದಿ ಬಿಡಿಸಿಕೊಡುವುದು ಕನ್ನಡನಾಡಿಗೆ ಹೊಸದೇನಲ್ಲ. ತೇರು ಎಳೆಯುವ ಊರುಗಳಲ್ಲಿ ರಥಬೀದಿ ಎಂದೇ ಒಂದು ಬೀದಿ ಇರುತ್ತದೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವಾಗ ಬುಲ್ ಟೆಂಪಲ್ ರಸ್ತೆ ವಾಹನಗಳ ಕೈತಪ್ಪಿ ಕಡಲೆಕಾಯಿ ರಾಶಿಗಳ ಪಾಲಾಗುತ್ತದೆ. ಅಂದು ರಸ್ತೆ ಮುಚ್ಚಿದ್ದಕ್ಕೆ ಯಾರೂ ಸಮಜಾಯಿಷಿ ಕೇಳುವುದಿಲ್ಲ. ದೇವರ ಹೆಸರಿಲ್ಲದೆ, ಬರೀ ನಡೆಯುವುದಕ್ಕೆಂದು ರಸ್ತೆ ಕೇಳಿದಾಗ ಮಾತ್ರ ಪ್ರಶ್ನೆ ಏಳುತ್ತದೆ. ಈ ಕಾರ್ಯಕ್ರಮಗಳನ್ನು ಅಳೆಯುವುದಕ್ಕೂ ಊರಿನ ಲೆಕ್ಕವೊಂದು ಒದಗಿಬರುತ್ತದೆ: ಕೆಲವು ಜಾತ್ರೆಯಂತೆ ವರ್ಷಕ್ಕೊಮ್ಮೆ ಬಂದು ಹೋಗುತ್ತವೆ, ಕೆಲವು ಸಂತೆಯಂತೆ ವಾರವಾರ ಕೂಡುತ್ತವೆ. ಜಾತ್ರೆಯ ಗದ್ದಲ ಪತ್ರಿಕೆಯಲ್ಲಿ ಫೋಟೊ ಆಗುತ್ತದೆ. ಜನರ ದಿನಚರಿಯೊಳಕ್ಕೆ ನುಸುಳುವುದು ಸಂತೆ. ಈ ಬಗೆಯ ಕಾರ್ಯಕ್ರಮಗಳ ಇತಿಹಾಸವನ್ನು ಓದುವಾಗ ಈ ವ್ಯತ್ಯಾಸ ಮತ್ತೆ ಮತ್ತೆ ಎದುರಾಗುತ್ತದೆ.

ಕಾರಿಲ್ಲದ ಭಾನುವಾರಗಳ ಮೊದಲ ಅನುಭವ ಯುರೋಪಿಗೆ ಆದದ್ದು ಇಷ್ಟದಿಂದಲ್ಲ, ಎಣ್ಣೆ ಸಿಗದೆ. ಸೂಯೆಜ್ ಬಿಕ್ಕಟ್ಟಿನಿಂದ ಇಂಧನಕ್ಕೆ ಕೊರತೆಯಾದಾಗ ನೆದರ್ಲೆಂಡ್ಸ್ 1956ರ ನವೆಂಬರ್ 25ರಿಂದ ಕೆಲವು ಭಾನುವಾರ ಖಾಸಗಿ ಕಾರುಗಳನ್ನು ನಿಷೇಧಿಸಿತು. ಅರಬ್ ದೇಶಗಳು ತೈಲ ಪೂರೈಕೆ ತಡೆಹಿಡಿದ 1973ರಲ್ಲಿ, ನವೆಂಬರ್ 4ರಿಂದ, ಅದೇ ಕ್ರಮ ಮರಳಿ ಬಂತು. ಖಾಲಿ ಹೆದ್ದಾರಿಗಳಲ್ಲಿ ಸಂಸಾರಸಮೇತ ಸೈಕಲ್ ತುಳಿದ, ಚಕ್ರದ ಬೂಟು ಕಟ್ಟಿಕೊಂಡು ಜಾರಿದ ಜನರ ಚಿತ್ರಗಳು ಆಗಿನವು. ರಸ್ತೆ ಅಪಘಾತಗಳಲ್ಲಿ ಮಕ್ಕಳು ಸಾಯುವುದನ್ನು ವಿರೋಧಿಸಿ ಆ ದೇಶದಲ್ಲಿ ಆಗಷ್ಟೇ ಚಳವಳಿ ಎದ್ದಿತ್ತು. ಹೀಗಾಗಿ ಆ ಭಾನುವಾರಗಳ ನೆನಪು ಬರೀ ಮೋಜಾಗಿ ಉಳಿಯದೆ ಸೈಕಲ್ ಪಥಗಳ ಬೇಡಿಕೆಯೊಂದಿಗೆ ಕೂಡಿಕೊಂಡಿತು. ಅಮೆರಿಕದಲ್ಲಿ ಇನ್ನೊಂದು ಎಳೆ ಬೆಳೆಯುತ್ತಿತ್ತು. ಮೇ ತಿಂಗಳನ್ನು ಸೈಕಲ್ ಮಾಸವೆಂದು ಆಚರಿಸುವ ಪದ್ಧತಿ 1956ರಲ್ಲಿ ಶುರುವಾಯಿತು. ಸಿಯಾಟಲ್ 1965ರಿಂದ ಕೆರೆದಂಡೆಯ ರಸ್ತೆಯನ್ನು ಕೆಲವು ಭಾನುವಾರ ಸೈಕಲ್ಲುಗಳಿಗೆ ಬಿಟ್ಟಿತು. ನ್ಯೂಯಾರ್ಕ್ 1966ರಲ್ಲಿ ಸೆಂಟ್ರಲ್ ಪಾರ್ಕಿನ ಒಳರಸ್ತೆಗಳಿಗೆ ವಾರಾಂತ್ಯದಲ್ಲಿ ಕಾರು ಬರದಂತೆ ಮಾಡಿತು.

ಅಮೆರಿಕದ ಈ ಎರಡು ನಗರಗಳದ್ದು ಉದ್ಯಾನದ ಅಂಚಿನ ಪ್ರಯತ್ನಗಳು. ನಗರದ ನಡುಮಧ್ಯದ ರಸ್ತೆಗೇ ಕೈಹಾಕಿದ್ದು ಕೊಲಂಬಿಯಾದ ರಾಜಧಾನಿ ಬೊಗೋಟಾ. ಅಲ್ಲಿನ ಸಿಕ್ಲೊವಿಯಾ ಇಂದು ಜಗತ್ತಿನ ತೆರೆದ ಬೀದಿಗಳಿಗೆಲ್ಲ ಮೂಲಮಾದರಿ. ಸ್ಪ್ಯಾನಿಷ್ ಆಡುವ ಬೇರೆ ಹಲವು ದೇಶಗಳಲ್ಲಿ ಈ ಪದಕ್ಕೆ ಸೈಕಲ್ ಪಥ ಎಂದಷ್ಟೇ ಅರ್ಥ. ಬೊಗೋಟಾದಲ್ಲಿ ಸಿಕ್ಲೊವಿಯಾ ಎಂದರೆ ಭಾನುವಾರ ಬೆಳಗಿನ ಆ ಏರ್ಪಾಟೇ.

ಅದರ ಹುಟ್ಟು ಒಂದು ಪ್ರತಿಭಟನೆಯಲ್ಲಿದೆ. ಅಮೆರಿಕದಲ್ಲಿ ವಾಸ್ತುಶಿಲ್ಪ ಓದಿ ಊರಿಗೆ ಮರಳಿದ್ದ ಹೈಮೆ ಒರ್ತಿಸ್ ಮರಿನ್ಯೊ ಮತ್ತು ಗೆಳೆಯರು, ನಗರ ಕಾರುಗಳಿಗಾಗಿಯೇ ಬೆಳೆಯುತ್ತಿರುವುದನ್ನು ಕಂಡು, 1974ರ ಡಿಸೆಂಬರ್ 15ರಂದು ‘ಪೆಡಲಿನ ಮಹಾ ಪ್ರದರ್ಶನ’ ಎಂಬ ಹೆಸರಿನಲ್ಲಿ ಜನರನ್ನು ಕರೆದರು. ನಗರದ ಬೆನ್ನೆಲುಬಿನಂತಿರುವ 7ನೇ ಮತ್ತು 13ನೇ ಕರೇರಾ ಎಂಬ ರಸ್ತೆಗಳನ್ನು ಮೂರು ಗಂಟೆ ಕಾಲ ಬಿಡಿಸಿಕೊಳ್ಳಲಾಯಿತು. ಅಂದು ಐದು ಸಾವಿರದಷ್ಟು ಜನ ಸೇರಿದರೆಂದು ಹೇಳುತ್ತಾರೆ. ಅಂಥ ಮೆರವಣಿಗೆ ಮರುದಿನದ ಪತ್ರಿಕೆಯಲ್ಲಿ ಮುಗಿದುಹೋಗುವುದೇ ವಾಡಿಕೆ. ಇಲ್ಲಿ ಹಾಗಾಗಲಿಲ್ಲ: 1976ರಲ್ಲಿ ಮೇಯರ್ ಲೂಯಿಸ್ ಪ್ರಿಯೆತೊ ಒಕಾಂಪೊ ಹೊರಡಿಸಿದ ಆದೇಶಗಳಿಂದ ಸಿಕ್ಲೊವಿಯಾ ನಗರಾಡಳಿತದ ಕಾರ್ಯಕ್ರಮವಾಯಿತು. 1980ರ ದಶಕದ ಆರಂಭದಲ್ಲಿ ಅದನ್ನು ಮನರಂಜನೆಯ ಏರ್ಪಾಟಾಗಿ ಮತ್ತೆ ಚಾಲನೆಗೆ ತಂದರು. ಆಮೇಲೆ ಹಲವು ವರ್ಷ ಅದು ಸೊರಗಿ, ಇದ್ದೂ ಇಲ್ಲದಂತಿತ್ತು.

ಮರುಜೀವ ಬಂದದ್ದು 1990ರ ದಶಕದ ನಡುವೆ. ಮೇಯರ್ ಆಂತಾನಾಸ್ ಮೋಕುಸ್ ತತ್ತ್ವಶಾಸ್ತ್ರ, ಗಣಿತ ಓದಿದ ಪ್ರಾಧ್ಯಾಪಕ. ಸಂಚಾರ ನಿಯಮ ಮುರಿಯುವವರಿಗೆ ದಂಡ ಹಾಕುವುದಕ್ಕಿಂತ ನಾಚಿಕೆ ಹುಟ್ಟಿಸುವುದು ಮೇಲೆಂದು ಮೂಕಾಭಿನಯದ ಕಲಾವಿದರನ್ನು ಸರ್ಕಲ್ಲುಗಳಲ್ಲಿ ನಿಲ್ಲಿಸಿ, ಅಡ್ಡಾದಿಡ್ಡಿ ನುಗ್ಗುವವರನ್ನು ಅಣಕಿಸುವಂತೆ ಮಾಡಿದವರು. ಅವರ ಕಾಲದಲ್ಲಿ ಸಿಕ್ಲೊವಿಯಾ ನಗರದ ಮನರಂಜನೆ ಮತ್ತು ಕ್ರೀಡಾ ಸಂಸ್ಥೆಯ ಕೈಗೆ ಬಂತು. ಉದ್ಯಾನಗಳ ಮುಖ್ಯಸ್ಥರಾಗಿದ್ದ ಗಿಲ್ ಪೆನ್ಯಾಲೊಸಾ ಅದನ್ನು ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಿಂದ ನೂರರಾಚೆಗೆ ಬೆಳೆಸಲು ಹಾದಿಮಾಡಿದರು. ಸಂಚಾರ ಇಲಾಖೆಯಿಂದ ಮನರಂಜನೆಯ ಇಲಾಖೆಗೆ ಹೋದದ್ದು ಕಾಗದದ ಮೇಲಿನ ಸಣ್ಣ ಬದಲಾವಣೆಯಂತೆ ಕಂಡರೂ ದೊಡ್ಡದೇ. ಸಂಚಾರ ನೋಡಿಕೊಳ್ಳುವವರಿಗೆ ರಸ್ತೆ ಮುಚ್ಚುವುದೊಂದು ತಲೆನೋವು. ಉದ್ಯಾನ ನೋಡಿಕೊಳ್ಳುವವರಿಗೆ ಅದು ವಾರಕ್ಕೊಮ್ಮೆ ಪುಕ್ಕಟೆ ಸಿಗುವ ನೂರು ಕಿಲೋಮೀಟರ್ ಉದ್ದದ ಉದ್ಯಾನ.

ಈಗ ಎಲ್ಲ ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಸುಮಾರು 127 ಕಿಲೋಮೀಟರ್ ರಸ್ತೆ ತೆರೆದಿರುತ್ತದೆ. ಬೊಗೋಟಾ ಸಮುದ್ರಮಟ್ಟದಿಂದ 2,600 ಮೀಟರ್ ಎತ್ತರದಲ್ಲಿದೆ. ವರ್ಷವಿಡೀ ಚಳಿ ಬಿಡದ ಊರಾದ್ದರಿಂದ ಬೆಳಗಿನ ಹೊತ್ತು ಬರುವವರ ಮೈಮೇಲೆ ಸ್ವೆಟರ್ ಇರುತ್ತದೆ. ಏಳಕ್ಕೆ ಮೊದಲೇ ಸಮವಸ್ತ್ರದ ಕಾವಲುಗಾರರು ಅಡ್ಡರಸ್ತೆಗಳ ಬಾಯಿಗೆ ಬ್ಯಾರಿಕೇಡ್ ಇಟ್ಟಿರುತ್ತಾರೆ. ಇಬ್ಬದಿಯ ಅಗಲ ರಸ್ತೆಗಳಲ್ಲಿ ಒಂದು ಬದಿಯನ್ನಷ್ಟೇ ತೆಗೆದುಕೊಂಡು, ಇನ್ನೊಂದು ಬದಿಯನ್ನು ವಾಹನಗಳಿಗೆ ಉಳಿಸುತ್ತಾರೆ. ಇಡೀ ನಗರ ಸ್ತಬ್ಧವಾಗದಿರುವ ಗುಟ್ಟು ಇದು. ದೊಡ್ಡ ಅಡ್ಡರಸ್ತೆ ದಾಟುವಲ್ಲಿ ಕಾವಲುಗಾರ ‘ನಿಲ್ಲಿ’, ‘ಹೋಗಿ’ ಎಂದು ಬರೆದ ಫಲಕ ತಿರುಗಿಸುತ್ತ ಸೈಕಲ್ಲುಗಳನ್ನೂ ಬಸ್ಸುಗಳನ್ನೂ ಸರದಿಯ ಮೇಲೆ ಬಿಡುತ್ತಾನೆ. ಕಾವಲುಗಾರರಿಗೆ ನೆರವಾಗಲು ಪ್ರೌಢಶಾಲೆಯ ಹುಡುಗ ಹುಡುಗಿಯರು ಇರುತ್ತಾರೆ: ಕೊಲಂಬಿಯಾದಲ್ಲಿ ಶಾಲೆ ಮುಗಿಸಲು ಇಂತಿಷ್ಟು ಗಂಟೆ ಸಮಾಜಸೇವೆ ಮಾಡಲೇಬೇಕು, ಅದನ್ನು ಇಲ್ಲಿ ನಿಂತೂ ತೀರಿಸಬಹುದು. ರಸ್ತೆಯಂಚಿನಲ್ಲಿ ಹಣ್ಣಿನ ರಸ ಹಿಂಡುವವರು, ಮಾವಿನಕಾಯಿ ಹೋಳಿಗೆ ಉಪ್ಪು ನಿಂಬೆ ಸವರಿ ಕೊಡುವವರು ಸಾಲುಗಟ್ಟುತ್ತಾರೆ. ಗಾಳಿ ಪಂಪು, ಪಂಕ್ಚರಿನ ಸಾಮಾನು ಹಿಡಿದು ಕೂತ ಮೆಕ್ಯಾನಿಕ್ಕನಿಗೆ ವಾರದ ಸಂಪಾದನೆಯಲ್ಲಿ ಒಂದು ಪಾಲು ಈ ಏಳು ಗಂಟೆಗಳದ್ದು. ಚೈನು ಕಳಚಿದವರು ಅವನ ಮುಂದೆ ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಕಾಯುತ್ತಿರುತ್ತಾರೆ. ಉದ್ಯಾನಗಳಲ್ಲಿ, ಚೌಕಗಳಲ್ಲಿ ವೇದಿಕೆ ಹಾಕಿ ಸಂಗೀತದೊಂದಿಗೆ ಏರೋಬಿಕ್ಸ್ ಮಾಡಿಸುವ ಇನ್ನೊಂದು ಕಾರ್ಯಕ್ರಮವೂ 1990ರ ದಶಕದಲ್ಲೇ ಇದಕ್ಕೆ ಜೋಡಣೆಯಾಯಿತು. ಡಿಸೆಂಬರಿನಲ್ಲಿ ಕ್ರಿಸ್ಮಸ್ ದೀಪಗಳ ನಡುವೆ ರಾತ್ರಿಯ ಸಿಕ್ಲೊವಿಯಾವೂ ನಡೆಯುತ್ತದೆ.

ಎಷ್ಟು ಜನ ಬರುತ್ತಾರೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಆರು ಲಕ್ಷದಿಂದ ಹದಿನೈದು ಲಕ್ಷದವರೆಗೆ ಅಂದಾಜುಗಳಿವೆ. ಟಿಕೆಟ್ಟಿಲ್ಲದ, ಬಾಗಿಲಿಲ್ಲದ ಕೂಟದಲ್ಲಿ ತಲೆ ಎಣಿಸುವುದು ಕಷ್ಟ. ಕೆಳಗಿನ ಅಂಕಿಯನ್ನೇ ಹಿಡಿದರೂ ಜಗತ್ತಿನಲ್ಲಿ ವಾರವಾರ ಇಷ್ಟು ಜನ ಸೇರುವ ಇಂಥ ಕಾರ್ಯಕ್ರಮ ಬೇರೆಯಿಲ್ಲ. ನಗರದ ದಕ್ಷಿಣದಲ್ಲಿ ಬಡವರೂ ಉತ್ತರದಲ್ಲಿ ಉಳ್ಳವರೂ ಹೆಚ್ಚಾಗಿರುವ ಬೊಗೋಟಾದಲ್ಲಿ ಈ ಹಾದಿಗಳು ಎರಡನ್ನೂ ಮುಟ್ಟುತ್ತವೆ. ಬಾಡಿಗೆ ಮನೆಯ ಹುಡುಗನ ಹಳೇ ಸೈಕಲ್ಲೂ ವ್ಯಾಪಾರಿಯ ದುಬಾರಿ ಸೈಕಲ್ಲೂ ಒಂದೇ ರಸ್ತೆಯಲ್ಲಿ ಉರುಳುವ ಹೊತ್ತು ಆ ಊರಿನಲ್ಲಿ ಅದೊಂದೇ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿದ್ದರೂ ನಿಜವೂ ಇದೆ.

ಕಾರ್ಯಕ್ರಮಕ್ಕೆ ವಿರೋಧ ಇಲ್ಲದಿಲ್ಲ. ಸಿಕ್ಲೊವಿಯಾವನ್ನು ಮೊಟಕುಗೊಳಿಸುವ ಮಸೂದೆಯೊಂದು 2007ರಲ್ಲಿ ಕೊಲಂಬಿಯಾದ ಸಂಸತ್ತಿಗೆ ಬಂದಾಗ ಬಳಕೆದಾರರು ತಿರುಗಿಬಿದ್ದರು, ಮಸೂದೆ ಬಿದ್ದುಹೋಯಿತು. ಭಾನುವಾರದ ರೂಢಿಯಾಗಿ ಬೇರೂರಿದ್ದನ್ನು ಕಿತ್ತುಕೊಳ್ಳಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅದು ನಿದರ್ಶನ. ಜಾತ್ರೆ ನಿಂತರೆ ಬೇಸರವಾದೀತು, ಸಂತೆ ನಿಂತರೆ ಸೊಪ್ಪು ತರಕಾರಿಯೇ ಇಲ್ಲ.

ಬೊಗೋಟಾ ಒಂದು ದೊಡ್ಡ ಜಾತ್ರೆಯನ್ನೂ ಮಾಡಿತು. ಗಿಲ್ ಅವರ ಅಣ್ಣ ಎನ್ರಿಕೆ ಪೆನ್ಯಾಲೊಸಾ ಮೇಯರ್ ಆಗಿದ್ದಾಗ, 2000ದ ಫೆಬ್ರುವರಿ 24ರ ಗುರುವಾರ, ಕೆಲಸದ ದಿನವೇ ಇಡೀ ನಗರದಲ್ಲಿ ಖಾಸಗಿ ಕಾರು ಹೊರಬರದಂತೆ ಮಾಡಲಾಯಿತು. ಬಸ್ಸು, ಟ್ಯಾಕ್ಸಿ, ಸೈಕಲ್, ಕಾಲು, ಇಷ್ಟರಲ್ಲೇ ಜನ ಕಚೇರಿಗೆ ಹೋದರು. ಅದೇ ವರ್ಷ ಅಕ್ಟೋಬರಿನಲ್ಲಿ ಜನಮತಕ್ಕೆ ಹಾಕಿದಾಗ ಮತದಾರರು ವರ್ಷಕ್ಕೊಂದು ದಿನ ಹೀಗಿರಲಿ ಎಂದರು. ಆ ಕಾಲದಲ್ಲೇ ನಗರದಲ್ಲಿ ನೂರಾರು ಕಿಲೋಮೀಟರ್ ಕಾಯಂ ಸೈಕಲ್ ಪಥಗಳ ನಿರ್ಮಾಣ ಶುರುವಾಯಿತು. ಭಾನುವಾರ ತುಳಿದು ರೂಢಿಯಾದವರಿಗೆ ಸೋಮವಾರ ತುಳಿಯಲು ದಾರಿ ಬೇಕಾಗಿತ್ತು.

ಬೊಗೋಟಾದ ಮಾದರಿ ಲ್ಯಾಟಿನ್ ಅಮೆರಿಕದ ತುಂಬ ಹಬ್ಬಿತು. ಮೆಕ್ಸಿಕೊದ ಗ್ವಾದಲಹಾರ 2004ರಲ್ಲಿ, ಚಿಲಿಯ ಸ್ಯಾಂಟಿಯಾಗೊ 2006ರಲ್ಲಿ ಶುರುಮಾಡಿದವು. ಅಮೆರಿಕದಲ್ಲಿ 2008ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಪಾರ್ಕ್ ಅವೆನ್ಯೂವನ್ನು ಮೂರು ಶನಿವಾರ ಬಿಡಿಸಿಕೊಂಡಿತು, ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೊ ಭಾನುವಾರದ ಬೀದಿಗಳನ್ನು ತೆರೆಯಿತು. ಕಾರಿಲ್ಲದೆ ಹಾಲು ತರಲೂ ಆಗದ ಊರೆಂದು ಹೆಸರಾದ ಲಾಸ್ ಏಂಜಲೀಸ್ 2010ರ ಅಕ್ಟೋಬರ್ 10ರಂದು ಸುಮಾರು ಹನ್ನೆರಡು ಕಿಲೋಮೀಟರ್ ರಸ್ತೆಯಲ್ಲಿ ‘ಸಿಕ್‌ಲಾವಿಯಾ’ ನಡೆಸಿತು. ಆ ಹೆಸರಿನೊಳಗೇ ಬೊಗೋಟಾದ ಋಣವೂ ಎಲ್‌ಎ ಎಂಬ ಊರ ಗುರುತೂ ಸೇರಿವೆ. ಪ್ಯಾರಿಸ್ 2015ರ ಸೆಪ್ಟೆಂಬರ್ 27ರಂದು ಮೊದಲ ಕಾರುರಹಿತ ದಿನ ಆಚರಿಸಿತು, ಮರುವರ್ಷದಿಂದ ಷಾಂಜೆಲಿಜೆ ಬೀದಿಯನ್ನು ತಿಂಗಳಿಗೊಂದು ಭಾನುವಾರ ನಡೆಯುವವರಿಗೆ ಬಿಟ್ಟಿತು. ಜಕಾರ್ತದಲ್ಲಿ ಸುದಿರ್ಮನ್–ಥಮ್ರಿನ್ ಹೆದ್ದಾರಿ ಭಾನುವಾರ ಬೆಳಿಗ್ಗೆ ಕಾರಿಲ್ಲದ ಮೈದಾನವಾಗುತ್ತದೆ. ರುವಾಂಡಾದ ಕಿಗಾಲಿಯಲ್ಲಿ 2016ರಿಂದ ಇದು ನಡೆಯುತ್ತಿದೆ, ರಾಷ್ಟ್ರಾಧ್ಯಕ್ಷರೂ ಅಲ್ಲಿ ಬಂದು ಸೇರುವುದುಂಟು. ಇಥಿಯೋಪಿಯಾದ ಅಡಿಸ್ ಅಬಾಬ 2018ರ ಡಿಸೆಂಬರಿನಲ್ಲಿ ಇದೇ ಹಾದಿ ಹಿಡಿಯಿತು.

ವರ್ಷಕ್ಕೊಮ್ಮೆ ಬರುವ ದಿನಗಳಲ್ಲಿ ಯುರೋಪಿನ ಸೆಪ್ಟೆಂಬರ್ 22 ಮುಖ್ಯವಾದದ್ದು. ಫ್ರಾನ್ಸಿನ ಲಾ ರೋಷೆಲ್ ಪಟ್ಟಣ 1997ರಲ್ಲಿ ಒಂದು ದಿನ ಕಾರಿಲ್ಲದೆ ಇದ್ದು ತೋರಿಸಿತು. ಮರುವರ್ಷ ಸೆಪ್ಟೆಂಬರ್ 22ರಂದು ಮೂವತ್ತೈದು ಫ್ರೆಂಚ್ ಊರುಗಳು ಜೊತೆಗೂಡಿದವು, 2002ರಲ್ಲಿ ಇದು ಸೆಪ್ಟೆಂಬರ್ 16ರಿಂದ 22ರವರೆಗಿನ ಯುರೋಪಿನ ಸಂಚಾರ ಸಪ್ತಾಹವಾಯಿತು. ವಿಶ್ವಸಂಸ್ಥೆಯ ಮಹಾಸಭೆ 2018ರ ಏಪ್ರಿಲ್‌ನಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿತು. ಎರಡು ದಿನ ಕಳೆದರೆ ವಿಶ್ವ ಪರಿಸರ ದಿನ ಬರುವುದರಿಂದ ಭಾರತದ ಶಾಲಾ ಕಾಲೇಜುಗಳಲ್ಲಿ ಒಂದೇ ಬ್ಯಾನರಿನಲ್ಲಿ ಎರಡನ್ನೂ ಮುಗಿಸುವುದು ರೂಢಿ.

ಆಡಳಿತದ ಒಪ್ಪಿಗೆ ಕೇಳದ ಇನ್ನೊಂದು ಕವಲಿದೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1992ರ ಸೆಪ್ಟೆಂಬರಿನಲ್ಲಿ ಕೆಲವರು ಸಂಜೆ ಕಚೇರಿ ಬಿಡುವ ಹೊತ್ತಿಗೆ ಒಟ್ಟಾಗಿ ಸೈಕಲ್ಲಿನಲ್ಲಿ ಮನೆಗೆ ಹೊರಟರು. ಮುಂದೆ ತಿಂಗಳ ಕೊನೆಯ ಶುಕ್ರವಾರಗಳಂದು ಇದು ಮರುಕಳಿಸಿ, ‘ಕ್ರಿಟಿಕಲ್ ಮಾಸ್’ ಎಂಬ ಹೆಸರಿನಲ್ಲಿ ಲೋಕದ ನೂರಾರು ನಗರಗಳಿಗೆ ದಾಟಿತು. ಹೆಸರಿನ ಮೂಲ ಚೀನಾದ ರಸ್ತೆಗಳಲ್ಲಿದೆ: ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಸೈಕಲ್ಲಿನವರು ಒಬ್ಬೊಬ್ಬರಾಗಿ ದಾಟಲಾಗದೆ ನಿಲ್ಲುತ್ತಾರೆ, ಸಾಕಷ್ಟು ಜನ ಜಮಾಯಿಸಿದ ಕೂಡಲೇ ಗುಂಪಾಗಿ ನುಗ್ಗಿ, ವಾಹನಗಳನ್ನು ನಿಲ್ಲಿಸಿ ದಾಟುತ್ತಾರೆ. ಈ ದೃಶ್ಯದ ವಿವರಣೆ ಟೆಡ್ ವೈಟ್ ಅವರ ಸಾಕ್ಷ್ಯಚಿತ್ರವೊಂದರಲ್ಲಿ ಬಂದು, ಅಲ್ಲಿಂದ ಚಳವಳಿಗೆ ಹೆಸರಾಯಿತು. ಬೆಂಗಳೂರಿನ ಮೆಜೆಸ್ಟಿಕ್‌ನ ಬಳಿ ರಸ್ತೆ ದಾಟಿದ ಯಾರಿಗೂ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರಿಟಿಕಲ್ ಮಾಸ್‌ಗೆ ನಾಯಕರಿಲ್ಲ, ಪೊಲೀಸರ ಅನುಮತಿಯಿಲ್ಲ. ಜಗಳಗಳೂ ಬಂಧನಗಳೂ ಅದರ ಚರಿತ್ರೆಯ ಭಾಗವೇ.

ನಡಿಗೆಗೆ ಸಂಬಂಧಿಸಿದ ಕಾರ್ಯಕ್ರಮಗಳು ಸದ್ದು ಮಾಡುವುದು ಕಡಿಮೆ, ಬೇರೂರುವುದು ಹೆಚ್ಚು. ಶಾಲೆಗೆ ನಡೆದುಹೋಗುವ ಅಭಿಯಾನ ಬ್ರಿಟನ್ನಿನಲ್ಲಿ 1994ರ ಸುಮಾರಿಗೆ, ಅಮೆರಿಕದಲ್ಲಿ 1997ರಲ್ಲಿ ಶುರುವಾಗಿ 2000ದಲ್ಲಿ ಅಂತರರಾಷ್ಟ್ರೀಯ ದಿನವಾಯಿತು. ಅದಕ್ಕೂ ಮುಂಚೆ, 1990ರ ದಶಕದ ಆರಂಭದಲ್ಲಿ, ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ ‘ನಡೆಯುವ ಶಾಲಾ ಬಸ್ಸು’ ಎಂಬ ಕಲ್ಪನೆ ಕೊಟ್ಟಿದ್ದರು. ಬಸ್ಸಿಗೆ ಚಕ್ರವಿಲ್ಲ. ಮುಂದೊಬ್ಬ ತಾಯಿಯೋ ತಂದೆಯೋ ಚಾಲಕರಂತೆ, ಹಿಂದೊಬ್ಬರು ಕಂಡಕ್ಟರಂತೆ ನಡೆಯುತ್ತಾರೆ. ಗೊತ್ತಾದ ಹೊತ್ತಿಗೆ ಗೊತ್ತಾದ ಮನೆಗಳ ಮುಂದೆ ‘ಸ್ಟಾಪ್’ ಕೊಟ್ಟು ಮಕ್ಕಳನ್ನು ಸಾಲಿಗೆ ಸೇರಿಸಿಕೊಂಡು ಶಾಲೆ ಮುಟ್ಟಿಸುತ್ತಾರೆ. ಮಲೆನಾಡಿನ ಒಂಟಿಮನೆಗಳ ಮಕ್ಕಳು ತೋಟದ ದಾರಿಯಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆದುಕೊಂಡು ಶಾಲೆಗೆ ಹೋಗುತ್ತಿದ್ದದ್ದೂ ಇದೇ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೆ. ನಗರ ಯೋಜನೆಯ ದಿಕ್ಕನ್ನೇ ತಿರುಗಿಸಿದ ಪುಸ್ತಕವನ್ನು 1961ರಲ್ಲಿ ಬರೆದ ಜೇನ್ ಜೇಕಬ್ಸ್ 2006ರಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಟೊರಾಂಟೊದಲ್ಲಿ ಶುರುವಾದ ‘ಜೇನ್ಸ್ ವಾಕ್’ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ನಡೆಯುತ್ತದೆ. ಊರಿನವರೇ ತಮ್ಮ ಬೀದಿಯ ಕಥೆ ಹೇಳುತ್ತ ಜನರನ್ನು ನಡೆಸಿಕೊಂಡು ಹೋಗುತ್ತಾರೆ, ಕೇಳಲು ಬಂದವರೂ ನಡುವೆ ಬಾಯಿಹಾಕಬಹುದು. ದಸರೆಯ ದಿನಗಳಲ್ಲಿ ಮೈಸೂರಿನಲ್ಲಿ ನಡೆಯುವ ಪಾರಂಪರಿಕ ನಡಿಗೆ ಇದಕ್ಕೆ ಹತ್ತಿರದ್ದು. ಹಳೆಯ ಕಟ್ಟಡಗಳ ಮುಂದೆ ನಿಂತು ಅವುಗಳ ಚರಿತ್ರೆ ಕೇಳುವ ಈ ನಡಿಗೆಯಲ್ಲಿ ಪಂಚೆ, ಸೀರೆ ಉಟ್ಟು ಬರುವವರೂ ಇರುತ್ತಾರೆ.

ಭಾರತದಲ್ಲಿ ಸೈಕಲ್ ಕುರಿತ ಜನಕಾರ್ಯಕ್ರಮಗಳ ಹಳೆಯ ರೂಪ ಜಾಥಾ. ವಿಜ್ಞಾನ ಪ್ರಸಾರಕ್ಕೆ, ಸಾಕ್ಷರತೆಗೆ, ಪಲ್ಸ್ ಪೋಲಿಯೊಗೆ ಜಾಥಾ ಹೊರಡುವಾಗ ಸೈಕಲ್ ವಾಹನವಾಗಿತ್ತೇ ಹೊರತು ವಿಷಯವಾಗಿರಲಿಲ್ಲ. ಅದು ವಿಷಯವೇ ಆದ ದೊಡ್ಡ ಪ್ರಸಂಗ ತಮಿಳುನಾಡಿನ ಪುದುಕೋಟೆ ಜಿಲ್ಲೆಯದು. ಅಲ್ಲಿ 1991ರಲ್ಲಿ ಶುರುವಾದ ಅರಿವೊಳಿ ಸಾಕ್ಷರತಾ ಆಂದೋಲನ ಹಳ್ಳಿಯ ಹೆಣ್ಣುಮಕ್ಕಳಿಗೆ ಓದುಬರಹದ ಜೊತೆ ಸೈಕಲ್ ಕಲಿಸುವುದನ್ನೂ ಹಮ್ಮಿಕೊಂಡಿತು. ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಅದಕ್ಕೆ ಬೆನ್ನಾಗಿ ನಿಂತರು. ಕಲ್ಲುಕ್ವಾರಿಯ ಕೂಲಿಯವರು, ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕಿಯರು ಸಂಜೆ ಮೈದಾನಕ್ಕೆ ಬಂದು ಬಿದ್ದೆದ್ದು ಕಲಿತರು. ಲೇಡೀಸ್ ಸೈಕಲ್ ಸಾಕಷ್ಟು ಸಿಗದಿದ್ದಾಗ ಗಂಡಸರ ಸೈಕಲ್ಲನ್ನೇ ಕೊಂಡರು. ಸೀಟಿನಿಂದ ಹ್ಯಾಂಡಲ್ಲಿನವರೆಗಿನ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಕೆಲವರು ಅದನ್ನೇ ಇಷ್ಟಪಟ್ಟರು. 1992ರ ಮಹಿಳಾ ದಿನದಂದು ಸಾವಿರದೈನೂರಕ್ಕೂ ಹೆಚ್ಚು ಹೆಂಗಸರು ಸೈಕಲ್ ಏರಿ ಪಟ್ಟಣದೊಳಕ್ಕೆ ಬಂದರು. ಪತ್ರಕರ್ತ ಪಿ. ಸಾಯಿನಾಥ್ ಬರೆದ ಈ ಕಥೆ ಮುಂದೆ ಶಾಲಾ ಪಠ್ಯಗಳನ್ನೂ ಸೇರಿತು. ಇಲ್ಲಿ ರಸ್ತೆ ಮುಚ್ಚಲಿಲ್ಲ, ಮುಚ್ಚುವ ಅಗತ್ಯವೂ ಇರಲಿಲ್ಲ. ಹಳ್ಳಿಯ ಹೆಣ್ಣಿಗೆ ಅಡ್ಡವಾಗಿದ್ದದ್ದು ಕಾರಲ್ಲ, ನೋಡುವವರ ಕಣ್ಣು. ಸಾವಿರಾರು ಮಂದಿ ಒಟ್ಟಿಗೆ ಹತ್ತಿದಾಗ ಆಡಿಕೊಳ್ಳುವವರ ಬಾಯಿ ಸೋತಿತು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಾಗ ಹಳ್ಳಿಯಿಂದ ಪ್ರೌಢಶಾಲೆಗೆ ಹುಡುಗಿಯರ ಸೈಕಲ್ ಸಾಲು ಹೊರಟದ್ದೂ, ಯಾವ ಬ್ಯಾನರೂ ಇಲ್ಲದೆ, ಇಂಥದೇ ದೃಶ್ಯ.

ಬೊಗೋಟಾ ಮಾದರಿ ಭಾರತಕ್ಕೆ ಸ್ಪಷ್ಟ ರೂಪದಲ್ಲಿ ಬಂದದ್ದು 2013ರ ನವೆಂಬರ್ 17ರಂದು, ಗುರ್‌ಗಾಂವ್‌ನ ‘ರಾಹ್‌ಗಿರಿ’ಯಾಗಿ. ರಾಹ್‌ಗೀರ್ ಎಂದರೆ ದಾರಿಹೋಕ. ಫುಟ್‌ಪಾತೇ ಇಲ್ಲದೆ ಗಾಜಿನ ಕಟ್ಟಡಗಳು ಎದ್ದ ಊರಿನಲ್ಲಿ ನಾಗರಿಕ ಸಂಘಟನೆಗಳೂ ಪೊಲೀಸರೂ ಸೇರಿ ಭಾನುವಾರ ಬೆಳಿಗ್ಗೆ ರಸ್ತೆ ಬಿಡಿಸಿದರು. 2014ರಲ್ಲಿ ದೆಹಲಿಯ ಕನಾಟ್ ಪ್ಲೇಸ್, ಭೋಪಾಲ್, ಮುಂಬಯಿ, ಚೆನ್ನೈನ ಬೆಸೆಂಟ್ ನಗರ ಹೀಗೆ ಒಂದಾದ ಮೇಲೊಂದು ಊರು ಬೇರೆ ಬೇರೆ ಹೆಸರಿನಲ್ಲಿ ಶುರುಮಾಡಿದವು. ಬೇಗ ಹಬ್ಬಿದ್ದು ಹಲವೆಡೆ ಬೇಗ ಬತ್ತಿಯೂ ಹೋಯಿತು.

ಬೆಂಗಳೂರಿನಲ್ಲಿ ಸೈಕಲ್ ದಿನ 2013ರ ಅಕ್ಟೋಬರಿನಲ್ಲಿ ಕಬ್ಬನ್ ಉದ್ಯಾನದಿಂದ ಆರಂಭವಾಯಿತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ನಾಗರಿಕ ಗುಂಪುಗಳ ಜೊತೆಗೂಡಿ ನಡೆಸಿದ ಈ ಕಾರ್ಯಕ್ರಮ ಮುಂದೆ ಜಯನಗರ, ಎಚ್‌ಎಸ್‌ಆರ್ ಬಡಾವಣೆ, ದೊಡ್ಡನೆಕ್ಕುಂದಿಯಂಥ ಕಡೆಗಳಿಗೆ ಸರದಿಯಲ್ಲಿ ಹೋಯಿತು. ಬಡಾವಣೆಯ ನಿವಾಸಿಗಳ ಸಂಘವೇ ಮುಂದಾಗಿ ರಸ್ತೆ ಆರಿಸುವುದು ಇದರ ವಿಶೇಷ. ಸೈಕಲ್ ಇಲ್ಲದವರಿಗೆ ಅಲ್ಲೇ ಎರವಲು ಸಿಗುತ್ತದೆ. ಸೈಕಲ್ಲಿಗಿಂತ ಹೆಚ್ಚಾಗಿ ಕುಂಟೆಬಿಲ್ಲೆ, ಲಗೋರಿ, ಹಗ್ಗಜಗ್ಗಾಟ, ರಸ್ತೆಯ ಮೇಲೆ ಸೀಮೆಸುಣ್ಣದ ಚಿತ್ರ, ಇವುಗಳ ಸುತ್ತ ಮಕ್ಕಳು ಮುತ್ತುತ್ತಾರೆ. ಅಜ್ಜಂದಿರು ಫುಟ್‌ಪಾತಿಗೆ ಕುರ್ಚಿ ತಂದುಕೊಂಡು ಕೂರುತ್ತಾರೆ. 2018ರ ಫೆಬ್ರುವರಿಯಲ್ಲಿ ರಾಜ್ಯ ಸಾರಿಗೆ ಇಲಾಖೆ ತಿಂಗಳ ಎರಡನೇ ಭಾನುವಾರವನ್ನು ‘ವಿರಳ ಸಂಚಾರ ದಿನ’ ಎಂದು ಘೋಷಿಸಿ, ಆ ದಿನ ಸ್ವಂತ ವಾಹನ ಬಿಟ್ಟು ಬಸ್ಸು, ಮೆಟ್ರೊ ಹಿಡಿಯಿರಿ ಎಂದು ಕೇಳಿಕೊಂಡಿತು. ರಸ್ತೆ ಮುಚ್ಚದೆ ಬರೀ ಕೇಳಿಕೊಂಡದ್ದರಿಂದ ಅದು ಸಂತೆಯಾಗಲಿಲ್ಲ.

ಚರ್ಚ್ ಸ್ಟ್ರೀಟ್‌ನದು ಬೇರೆ ಬಗೆ. ಕಲ್ಲು ಹಾಸಿ, ಫುಟ್‌ಪಾತ್ ಅಗಲ ಮಾಡಿ 2018ರಲ್ಲಿ ಮರುರೂಪ ಪಡೆದ ಆ ಬೀದಿಯನ್ನು 2020ರ ನವೆಂಬರ್ 7ರಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳಿಗೆ ಮುಚ್ಚಿ, ಗಾಳಿಯ ಗುಣವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ಅಳೆಯಲಾಯಿತು. ಹಬ್ಬವನ್ನೇ ಪ್ರಯೋಗಶಾಲೆ ಮಾಡಿಕೊಂಡದ್ದು ಇಲ್ಲಿನ ಹೊಸತನ. ಅದೇ ವರ್ಷ ಕೇಂದ್ರ ಸರ್ಕಾರ ಸೈಕಲ್ ಸ್ನೇಹಿ ನಗರಗಳಿಗಾಗಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಮುಂದೆ ಆಯ್ಕೆಯಾದ ಹನ್ನೊಂದು ನಗರಗಳಲ್ಲಿ ಬೆಂಗಳೂರೂ ಒಂದು. ಹೊರವರ್ತುಲ ರಸ್ತೆಯಲ್ಲಿ ಆ ಸಮಯದಲ್ಲಿ ಕಂಬ ನೆಟ್ಟು ಮಾಡಿದ ತಾತ್ಕಾಲಿಕ ಸೈಕಲ್ ಪಥ ಮಾತ್ರ ಬಹುಕಾಲ ಬಾಳಲಿಲ್ಲ. ಮೈಸೂರು, ಹಬ್ಬದ ದಾರಿ ಹಿಡಿಯದೆ, 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಸೇವೆಯನ್ನು 450 ಸೈಕಲ್ಲುಗಳೊಂದಿಗೆ ತೆರೆಯಿತು. ಗಂಟೆಗಿಷ್ಟೆಂದು ಬಾಡಿಗೆಗೆ ಸೈಕಲ್ ಕೊಡುತ್ತಿದ್ದ ಹಳೆಯ ಸೈಕಲ್ ಶಾಪುಗಳ ಜಾಗದಲ್ಲಿ ಕಾರ್ಡ್ ಮುಟ್ಟಿಸಿ ಬಿಡಿಸಿಕೊಳ್ಳುವ ಸ್ಟ್ಯಾಂಡುಗಳು ಬಂದವು.

ಇಂಥ ಕಾರ್ಯಕ್ರಮ ನಡೆಸುವವರಿಗೆ ಎದುರಾಗುವ ತೊಡಕುಗಳು ಊರು ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ಸಂಚಾರ ಪೊಲೀಸರು ಒಪ್ಪಬೇಕು, ಬಸ್ಸಿನ ಮಾರ್ಗ ಬದಲಿಸಬೇಕು, ಆಂಬುಲೆನ್ಸ್ ನುಗ್ಗಲು ದಾರಿ ಬಿಡಬೇಕು, ಆ ರಸ್ತೆಯಲ್ಲೇ ಮನೆಯಿರುವವರು ಕಾರು ತೆಗೆಯಬೇಕಾದರೆ ಏನು ಮಾಡಬೇಕೆಂದು ಹೇಳಬೇಕು. ಅಂಗಡಿಯವರು ಮೊದಲು ಗೊಣಗುತ್ತಾರೆ. ಹೋಟೆಲಿನವರು ಬೇಗ ಒಪ್ಪುತ್ತಾರೆ, ಭಾರದ ಸಾಮಾನು ಮಾರುವವರು ಒಪ್ಪುವುದಿಲ್ಲ, ಎರಡಕ್ಕೂ ಕಾರಣ ಸ್ಪಷ್ಟ. ಹತ್ತಿರದ ನಿವಾಸಿಗಳಿಂದ ಬರುವ ದೂರು ರಸ್ತೆ ಮುಚ್ಚಿದ್ದಕ್ಕಿಂತ ಹೆಚ್ಚಾಗಿ ಧ್ವನಿವರ್ಧಕದ್ದು. ಭಾನುವಾರ ಆರೂವರೆಗೆ ಕಿಟಕಿಯ ಕೆಳಗೆ ಝುಂಬಾ ಸಂಗೀತ ಶುರುವಾದರೆ ಸೈಕಲ್ ಪ್ರೇಮಿಯೂ ಬೇಸರಿಸಿಕೊಳ್ಳುತ್ತಾನೆ. ಪ್ರಾಯೋಜಕರ ಬ್ಯಾನರು ಹೆಚ್ಚಾದಷ್ಟೂ ಬೀದಿ ಮತ್ತೆ ಮಾರುಕಟ್ಟೆಯಾಗುವುದೂ ಉಂಟು.

ಗಂಭೀರವಾದ ಟೀಕೆ ಇನ್ನೊಂದಿದೆ. ಭಾರತದ ಊರುಗಳಲ್ಲಿ ದಿನಾ ಸೈಕಲ್ ತುಳಿಯುವವರು ಪೇಪರ್ ಹಾಕುವ ಹುಡುಗರು, ಎಳನೀರು ಮಾರುವವರು, ಕಟ್ಟಡ ಕೆಲಸದವರು, ಸೆಕ್ಯುರಿಟಿ ಕೆಲಸಕ್ಕೆ ರಾತ್ರಿಪಾಳಿಗೆ ಹೋಗುವವರು. ಸೈಕಲ್ ದಿನದ ಬೆಳಿಗ್ಗೆ ಅವರು ಕೆಲಸದಲ್ಲಿರುತ್ತಾರೆ. ಬರುವವರಲ್ಲಿ ಕೆಲವರು ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬಂದು, ತುಳಿದು, ಮತ್ತೆ ಕಟ್ಟಿಕೊಂಡು ಹೋಗುತ್ತಾರೆ. ಬೊಗೋಟಾದಲ್ಲಿ ಮಾರ್ಗ ಬಡವರ ಕೇರಿಗಳನ್ನೂ ಹಾಯುವಂತೆ ಎಳೆದದ್ದರಿಂದ ಈ ದೋಷ ಸ್ವಲ್ಪ ಕಡಿಮೆಯಾಯಿತು. ಒಂದೇ ಮಾರುಕಟ್ಟೆಯ ಬೀದಿಗೆ ಸೀಮಿತವಾದ ಕಡೆಗಳಲ್ಲಿ ಕಾರ್ಯಕ್ರಮ ಅನುಕೂಲಸ್ಥರ ವಿಹಾರವಾಗಿಯೇ ಉಳಿಯಿತು.

ಲಾಭನಷ್ಟದ ಲೆಕ್ಕ ಹಾಕಿದವರೂ ಇದ್ದಾರೆ. ಬೊಗೋಟಾ, ಮೆಡೆಯಿನ್, ಗ್ವಾದಲಹಾರ, ಸ್ಯಾನ್‌ಫ್ರಾನ್ಸಿಸ್ಕೊಗಳನ್ನು ಹೋಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೊಗೋಟಾದಲ್ಲಿ ಪಾಲ್ಗೊಳ್ಳುವ ಒಬ್ಬರಿಗೆ ವರ್ಷಕ್ಕೆ ತಗಲುವ ವೆಚ್ಚ ಸುಮಾರು 6 ಡಾಲರ್, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 70 ಡಾಲರಿಗೂ ಹೆಚ್ಚು. ಖರ್ಚಾದ ಒಂದು ಡಾಲರಿಗೆ ಬೊಗೋಟಾದಲ್ಲಿ ಮೂರರಿಂದ ನಾಲ್ಕು ಡಾಲರಿನಷ್ಟು ವೈದ್ಯಕೀಯ ವೆಚ್ಚ ಉಳಿಯುತ್ತದೆ. ಎರಡು ನಗರಗಳ ನಡುವಿನ ಈ ಅಂತರಕ್ಕೆ ಕೂಲಿದರದ ವ್ಯತ್ಯಾಸವೊಂದೇ ಕಾರಣವಲ್ಲ. ವರ್ಷಕ್ಕೆ ಕೆಲವೇ ಸಲ ನಡೆಯುವ ಕಾರ್ಯಕ್ರಮಕ್ಕೆ ಪ್ರತಿ ಸಲವೂ ಹೊಸದಾಗಿ ಅನುಮತಿ, ಹೊಸದಾಗಿ ಪ್ರಚಾರ, ಹೊಸದಾಗಿ ಬಂದೋಬಸ್ತು ಬೇಕಾಗುತ್ತದೆ. ವಾರವಾರದ್ದಕ್ಕೆ ಅದೇ ಬ್ಯಾರಿಕೇಡ್, ಅದೇ ಜನ ಸಾಕು.

ತಾತ್ಕಾಲಿಕವಾಗಿ ತೆರೆದದ್ದು ಕಾಯಂ ಆದ ಉದಾಹರಣೆಗಳು ಹೆಚ್ಚಿಲ್ಲ, ಇರುವವು ದೀರ್ಘ ಕಾಲ ತೆಗೆದುಕೊಂಡವು. ಪ್ಯಾರಿಸ್ 2002ರಿಂದ ಬೇಸಿಗೆಯಲ್ಲಿ ಸೇನ್ ನದಿಯ ದಂಡೆಯ ವಾಹನಮಾರ್ಗಕ್ಕೆ ಮರಳು ಹರವಿ, ಆರಾಮಕುರ್ಚಿ ಹಾಕಿ ಜನರನ್ನು ಕರೆಯುತ್ತಿತ್ತು. ಬಲದಂಡೆಯ ಆ ಮಾರ್ಗ 2016ರಲ್ಲಿ ವಾಹನಗಳಿಗೆ ಪೂರ್ತಿ ಮುಚ್ಚಿತು. 1966ರಲ್ಲಿ ವಾರಾಂತ್ಯಕ್ಕಷ್ಟೇ ಕಾರು ತಡೆದ ಸೆಂಟ್ರಲ್ ಪಾರ್ಕಿನಲ್ಲಿ ನಿರ್ಬಂಧದ ಗಂಟೆಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪಸ್ವಲ್ಪವೇ ಬೆಳೆದು, ಖಾಸಗಿ ಕಾರುಗಳು ಉದ್ಯಾನದ ಒಳರಸ್ತೆಗಳಿಂದ ಸಂಪೂರ್ಣ ಹೊರಬಿದ್ದದ್ದು 2018ರ ಜೂನ್‌ನಲ್ಲಿ, ಐವತ್ತೆರಡು ವರ್ಷದ ಮೇಲೆ. ಕಬ್ಬನ್ ಉದ್ಯಾನದ ಒಳರಸ್ತೆಗಳೂ ಭಾನುವಾರ ವಾಹನಗಳಿಗೆ ಮುಚ್ಚಿರುತ್ತವೆ. ಸೋಮವಾರ ಬೆಳಿಗ್ಗೆ ಮತ್ತೆ ತೆರೆಯುತ್ತವೆ.